ಕುದುರೆಯ ಒಂದೇ ಹೊಳ್ಳೆಯಿಂದ ಕೀವು ಸುರಿದರೆ

ಕುದುರೆಯನ್ನು ಸಾಕುವ ಜಮೀನ್ದಾರರಿಗೆ ಸಿಂಬಳವು ಹೊಸದಲ್ಲ. ಎರಡು ಹೊಳ್ಳೆಗಳಿಂದಲೂ ನೀರಾಗಿ ಸುರಿದು ಕೆಲವು ದಿವಸಗಳಲ್ಲಿ ತಾನಾಗಿ ನಿಲ್ಲುವ ನೆಗಡಿಯ ವಿಷಯವನ್ನು ಇಲ್ಲಿ ಹೇಳುವುದಿಲ್ಲ. ಒಂದೇ ಹೊಳ್ಳೆಯಿಂದ, ಗಟ್ಟಿಯಾಗಿ, ದುರ್ವಾಸನೆಯೊಡನೆ, ಕುದುರೆಯು ತಲೆ ತಗ್ಗಿಸಿ ಮೇಯುವಾಗ ಹೆಚ್ಚಾಗಿ ಇಳಿಯುವ ಕೀವು ನೆಗಡಿಯಲ್ಲ. ನನ್ನ ಸರ್ಕೀಟಿನಲ್ಲಿ ಗೃಹಸ್ಥರೊಬ್ಬರು ಇಂತಹ ಕುದುರೆಗೆ ಮೂರು ತಿಂಗಳು ಹೊಗೆ ಹಾಕಿಸಿ, ಸೂಜಿಮದ್ದು ಚುಚ್ಚಿಸಿ, ಹಣವನ್ನು ಕಳೆದುಕೊಂಡುದನ್ನು ಕಂಡಿದ್ದೇನೆ. ಕಡೆಗೆ ಚಿತ್ರವನ್ನು ತೆಗೆಯಿಸಿದಾಗ ದೋಷವಿದ್ದುದು ಹಲ್ಲಿನ ಬೇರಿನಲ್ಲಿ.

ಚಿತ್ರಕ್ಕೆ ಮುಂಚೆ ಒಂದು ಎಚ್ಚರಿಕೆ ಅಗತ್ಯ. ಗ್ಲಾಂಡರ್ಸ್ ಎಂಬ ಅಂಟುರೋಗದಲ್ಲಿಯೂ ಮೂಗಿನಿಂದ ಕೀವು ಬರುವುದುಂಟು. ಇದು ಮನುಷ್ಯರಿಗೂ ಅಂಟಿ ಪ್ರಾಣವನ್ನು ತೆಗೆಯತಕ್ಕದ್ದು. ಆದುದರಿಂದ ರಕ್ತ ಪರೀಕ್ಷೆಯಾಗುವವರೆಗೆ ಕುದುರೆಯನ್ನು ಬೇರೆ ಕಟ್ಟಿ, ನೀರಿನ ಬಕೆಟ್ಟನ್ನು ಬೇರೆ ಇರಿಸಿ, ಕೀವನ್ನು ಬರಿಗೈಯಿಂದ ಮುಟ್ಟದೆ ಇರತಕ್ಕದ್ದು. 2009ನೆಯ ಇಸವಿಯ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯಿದೆಯ ಪ್ರಕಾರ ಇಂತಹ ರೋಗದ ಸಂಶಯವುಂಟಾದೊಡನೆ ಮಾಲೀಕನು ಗ್ರಾಮಾಧಿಕಾರಿಗೆ ಅಥವಾ ಪಂಚಾಯತಿಗೆ ತಿಳಿಸಬೇಕು. ಅಲ್ಲಿಂದ ಹತ್ತಿರದ ಪಶುವೈದ್ಯರಿಗೆ ಬರೆದು ತಿಳಿಸುವ ಕ್ರಮವಿದೆ. ಗ್ರಾಮದ ಮುಖ್ಯಸ್ಥರು ಇದನ್ನು ಉಪೇಕ್ಷಿಸಬಾರದು.

ಕುದುರೆಯ ಮುಖದ ಎಲುಬುಗಳೊಳಗೆ ಪ್ರತಿ ಪಕ್ಕದಲ್ಲಿಯೂ ಗಾಳಿ ತುಂಬಿದ ಏಳು ಪೊಳ್ಳುಗಳುಂಟು. ವೈದ್ಯರು ಇವನ್ನು ಸೈನಸ್ ಎನ್ನುವರು. ಮೇಲ್ದವಡೆಯ ಪೊಳ್ಳುಗಳು ಇವುಗಳಲ್ಲಿ ದೊಡ್ಡವು. ಮೇಲಿನ ಪ್ರತಿ ಪಕ್ಕದ ಆರು ದವಡೆ ಹಲ್ಲುಗಳಲ್ಲಿ ಹಿಂದಿನ ಮೂರು ನಾಲ್ಕರ ಬೇರುಗಳು ಇವುಗಳ ತಳದಲ್ಲಿಯೇ ಇರುವುದರಿಂದ, ಬೇರು ಕೊಳೆತರೆ ಕೀವು ಪೊಳ್ಳಿಗೆ ಇಳಿಯುತ್ತದೆ. ಹೊರಕ್ಕೆ ಹೋಗುವ ದಾರಿ ಬಹಳ ಕಿರಿದು. ಬಹುಕಾಲ ನಿಂತ ಕೀವು ಗಟ್ಟಿಯಾಗಿ, ಔಷಧಕ್ಕೆ ಜಗ್ಗುವುದಿಲ್ಲ.

1895ರಲ್ಲಿ ಜರ್ಮನಿಯ ರಾಂಟ್‌ಗನ್ ಕಂಡುಹಿಡಿದ ಎಕ್ಸ್ ಕಿರಣಗಳ ಚಿತ್ರದಲ್ಲಿ ಗಾಳಿಯು ಕಪ್ಪಾಗಿಯೂ ಎಲುಬು ಹಲ್ಲುಗಳು ಬೆಳ್ಳಗೂ ತೋರುವುವು. ಕುದುರೆಯನ್ನು ನಿಲ್ಲಿಸಿ ಪಕ್ಕದಿಂದ ತೆಗೆದ ಚಿತ್ರದಲ್ಲಿ, ಕಪ್ಪಾಗಿರಬೇಕಾದ ಪೊಳ್ಳಿನೊಳಗೆ ಕೆರೆಯ ನೀರಿನ ಮಟ್ಟದಂತೆ ನೆಟ್ಟಗಿನ ಅಡ್ಡಗೆರೆ ಕಂಡರೆ ಅಲ್ಲಿ ದ್ರವವಿದೆಯೆಂದರ್ಥ. ಬೇರುಗಳನ್ನು ನೋಡಲು ಓರೆಯಾಗಿಯೂ, ಮೂಗಿನ ನಡುಗೋಡೆ ಪಕ್ಕಕ್ಕೆ ಒತ್ತಲ್ಪಟ್ಟಿದೆಯೇ ಎಂದು ತಿಳಿಯಲು ಮೇಲಿನಿಂದಲೂ ಬೇರೆ ಚಿತ್ರಗಳನ್ನು ತೆಗೆಯುವರು.

ಆದರೆ ಚಿತ್ರವೇ ಸರ್ವಸ್ವವೆಂದು ನಂಬಬಾರದು. ಆ ಗೆರೆಯ ಕೆಳಗಿರುವುದು ಕೀವೋ ರಕ್ತವೋ ಎಂಬುದನ್ನು ಅದು ಹೇಳಲಾರದು. ಬೇರಿನ ರೋಗವು ಆರಂಭದಲ್ಲಿ ಚಿತ್ರಕ್ಕೆ ಸಿಕ್ಕದೆ ಹೋಗಬಹುದು, ಸಿ.ಟಿ. ಯಂತ್ರವು ಈ ವಿಷಯದಲ್ಲಿ ಮೇಲು, ಆದರೆ ಅದು ಎಲ್ಲರ ಕೈಗೆ ಎಟಕುವುದಲ್ಲ. ಎಳೆಯ ಕುದುರೆಯಲ್ಲಿ ಹಲ್ಲಿನ ಉದ್ದವಾದ ಬುಡವು ಪೊಳ್ಳನ್ನು ಬಹುಮಟ್ಟಿಗೆ ತುಂಬಿರುವುದು ಸಹಜ. ವಯಸ್ಸಾದಂತೆ ಹಲ್ಲು ಸವೆದು ಕೆಳಕ್ಕಿಳಿದು ಪೊಳ್ಳು ವಿಶಾಲವಾಗುತ್ತದೆ. ಆದುದರಿಂದ ಕುದುರೆಯ ವಯಸ್ಸನ್ನು ವೈದ್ಯರಿಗೆ ಸರಿಯಾಗಿ ಹೇಳಬೇಕು. ಮಾರುವಾಗ ಹೇಳುವ ವಯಸ್ಸು ಇಲ್ಲಿ ಉಪಯೋಗಕ್ಕೆ ಬಾರದು.

ಚಿತ್ರವನ್ನು ತೆಗೆಯುವಾಗ ಮುಖದಿಂದ ಲಗಾಮನ್ನೂ ಬಕಲುಗಳನ್ನೂ ತೆಗೆದು ಬರಿಯ ಹಗ್ಗವನ್ನು ಕಟ್ಟತಕ್ಕದ್ದು. ಲೋಹವು ಚಿತ್ರವನ್ನು ಮರೆಮಾಡುತ್ತದೆ. ಸಾಮಾನ್ಯವಾಗಿ ಮಂಪರಿನ ಮದ್ದನ್ನು ಕೊಡುವರು. ಗರ್ಭಿಣಿಯರೂ ಮಕ್ಕಳೂ ಹತ್ತಿರ ನಿಲ್ಲಬಾರದು. ಹಿಡಿಯುವ ಆಳಿಗೆ ಸೀಸದ ಮೇಲಂಗಿ ಇರಬೇಕು. ಚಿತ್ರದ ಫಲಕವನ್ನು ಯಾರೂ ಕೈಯಲ್ಲಿ ಹಿಡಿಯಬಾರದು. ರೋಗವಿರುವ ಪಕ್ಕದೊಡನೆ ಆರೋಗ್ಯವಾದ ಪಕ್ಕದ ಓರೆಚಿತ್ರವನ್ನೂ ತೆಗೆಯಬೇಕೆಂದು ವೈದ್ಯರು ಹೇಳಿದರೆ ಖರ್ಚಿಗೆ ಹಿಂಜರಿಯದಿರಿ. ಎರಡನ್ನೂ ಹೋಲಿಸಿ ನೋಡಿದ ಮೇಲೆಯೇ ಯಾವ ಹಲ್ಲನ್ನು ಕೀಳಬೇಕೆಂಬುದನ್ನು ಅವರು ನಿಶ್ಚಯಿಸುವರು.