ಎತ್ತಲಾರದ ಚೀಲ, ಹತ್ತಲಾಗದ ರೈಲು

ಹಳೆ ಗೋವಾದಲ್ಲಿ ಹತ್ತು ವರ್ಷಕ್ಕೊಮ್ಮೆ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ಸಾರ್ವಜನಿಕ ದರ್ಶನ ನಡೆಯುತ್ತದೆ. 2014ರ ಡಿಸೆಂಬರಿನಲ್ಲಿ ಕಾಸರಗೋಡಿನಿಂದ ಹೊರಟ ಯಾತ್ರಿಕರ ತಂಡವೊಂದರ ಹೊಣೆ ನಮ್ಮದಾಗಿತ್ತು. ರೈಲು ನಿಲ್ಲುವುದು ಎರಡು ಮೂರು ನಿಮಿಷ. ಗಾಡಿ ಬಂದದ್ದೇ ತಡ, ಯುವಕರು ಬಾಗಿಲಲ್ಲಿ ನಿಂತು ಸಾಮಾನುಗಳನ್ನು ಒಳಗೆ ಎಳೆದುಕೊಳ್ಳತೊಡಗಿದರು. ಸೂಟ್‌ಕೇಸುಗಳು, ತಲೆದಿಂಬು ತುರುಕಿದ ಚೀಲಗಳು, ಉಪ್ಪಿನಕಾಯಿ ಭರಣಿ, ಚಕ್ಕುಲಿ ಡಬ್ಬ, ಜತೆಗೆ ನಮ್ಮದೇ ಒಂದು ತಗಡಿನ ಪೆಟ್ಟಿಗೆ. ಬಾಗಿಲು ಕಟ್ಟಿಕೊಂಡಿತು, ಗಾಡಿ ಹೊರಟಿತು. ಎಪ್ಪತ್ತರ ಹತ್ತಿರದ ಬಾಯಿಯೊಬ್ಬರು ಜಪಸರ ಹಿಡಿದು ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು!

ಯಾರೋ ಸರಪಳಿ ಎಳೆದರು. ಬಾಯಿಯನ್ನು ಕೈಹಿಡಿದು ಹತ್ತಿಸಿದೆವು. ಕುಳಿತವರೇ ಅವರು ಕೇಳಿದ್ದು ಒಂದೇ ಮಾತು: "ಚೀಲಗಳೆಲ್ಲ ಬಂದುವಾ ಫಾದರ್?" ತಂಡದವರು ನಕ್ಕರು, ನಮಗೆ ನಗು ಬರಲಿಲ್ಲ. ಅವರ ಕೈ ನಡುಗುತ್ತಿತ್ತು. ಬಿ.ಪಿ. ಮಾತ್ರೆ ಆ ರಾಶಿಯ ಅಡಿಯಲ್ಲೆಲ್ಲೋ ಇತ್ತು. ಹುಡುಕಿ ತೆಗೆಯುವಾಗ ಮಂಗಳೂರು ಸಮೀಪಿಸಿತ್ತು.

ಮುಂದಿನ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಅಷ್ಟರಲ್ಲಿ ನಾವು ನೆರೆಯ ಧರ್ಮಕೇಂದ್ರಕ್ಕೆ ವರ್ಗವಾಗಿ ಬಂದಿದ್ದೆವು. ಈ ಬಾರಿ ಒಂದು ನಿಯಮ ಮಾಡಿದೆವು: ಒಬ್ಬರಿಗೆ ಒಂದೇ ಚೀಲ, ಅದನ್ನು ಅವರೇ ಎತ್ತಬೇಕು. ಹೊರಡುವ ಹಿಂದಿನ ಭಾನುವಾರ ಎಲ್ಲರೂ ಚೀಲ ತುಂಬಿಸಿಕೊಂಡು ಮನೆಯಿಂದ ಪೂಜೆಗೆ ನಡೆದೇ ಬರಬೇಕೆಂದೂ ಹೇಳಿದೆವು. ಗೊಣಗಾಟವಿತ್ತು. "ಸ್ಲೀಪರ್ ಬೋಗಿಯಲ್ಲಿ ತಲಾ 40 ಕಿಲೋ ಉಚಿತ ಉಂಟಲ್ಲ ಫಾದರ್" ಎಂದರು ಒಬ್ಬ ಗುರ್ಕಾರರು. ಉಂಟು. ಆದರೆ ಅದು ರೈಲ್ವೆಯ ಲೆಕ್ಕ, ನಮ್ಮ ಸೊಂಟದ ಲೆಕ್ಕವಲ್ಲ.

ಆ ಭಾನುವಾರ ಅಡಿಕೆ ತೂಗುವ ತಕ್ಕಡಿಯೊಂದು ಚರ್ಚಿನ ಅಂಗಳಕ್ಕೆ ಬಂತು. ಅತಿ ಭಾರದ ಚೀಲ ಯಾರದು? ಹೇಳಲು ಸಂಕೋಚವಾಗುತ್ತದೆ, ನಮ್ಮದೇ. 14 ಕಿಲೋ! ಮೂರು ದಿನದ ಪ್ರಯಾಣಕ್ಕೆ ನಾಲ್ಕು ಪುಸ್ತಕ, ಎರಡು ಜತೆ ಚಪ್ಪಲಿ, ಇಸ್ತ್ರಿ ಮಾಡಿದ ಆರು ಶರಟು. ಎಲ್ಲರೆದುರು ಒಂದೊಂದಾಗಿ ಹೊರತೆಗೆದೆವು. ಅದಾದ ಮೇಲೆ ಯಾರಿಗೂ ಉಪದೇಶ ಬೇಕಾಗಲಿಲ್ಲ.

ನಿಜಕ್ಕೂ ಬೇಕಾದದ್ದು ಎಷ್ಟು? ಮೈಮೇಲೆ ಒಂದು ಜತೆ ಬಟ್ಟೆ, ಚೀಲದಲ್ಲಿ ಎರಡು. ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುವ ತೆಳು ಬಟ್ಟೆಯಾದರೆ ಒಳ್ಳೆಯದು. ಜೀನ್ಸ್ ಪ್ಯಾಂಟು ಒಣಗುವುದಿಲ್ಲ, ಭಾರವೂ ಹೆಚ್ಚು. ಟರ್ಕಿ ಟವೆಲಿನ ಬದಲು ಬೈರಾಸು ಸಾಕು. ರಾತ್ರಿ ಕಿಟಕಿಯ ಗಾಳಿಗೆ ಹೊದೆಯುವ ಶಾಲನ್ನೇ ಸುತ್ತಿದರೆ ತಲೆದಿಂಬು. ಬಟ್ಟೆಗಳನ್ನು ಮಡಚುವುದಕ್ಕಿಂತ ಚಾಪೆಯಂತೆ ಸುರುಳಿ ಸುತ್ತಿದರೆ ಜಾಗ ಉಳಿಯುತ್ತದೆ. ಮನೆಯಲ್ಲಿ ಒಬ್ಬರು ಟೂತ್‌ಪೇಸ್ಟ್ ತಂದರೆ ನಾಲ್ವರಿಗೆ ಸಾಕು. ಮಾತ್ರೆ, ವೈದ್ಯರ ಚೀಟಿ, ಗುರುತಿನ ಚೀಟಿ ಮತ್ತು ಸ್ವಲ್ಪ ಹಣ ಮಾತ್ರ ಚೀಲಕ್ಕೆ ಹೋಗಕೂಡದು. ಅವು ಮೈಮೇಲೆಯೇ ಇರಲಿ. ಇದನ್ನು ನಾವು ಕಲಿತದ್ದು ಆ ನಡುಗುವ ಕೈಯಿಂದ. ಇನ್ನು ಚೀಲದಲ್ಲಿ ಕಾಲು ಭಾಗ ಖಾಲಿ ಇರಲಿ. ಗೋವಾದಿಂದ ಬೆಬಿಂಕಾ, ಗೋಡಂಬಿ ತಾರದೆ ಬರುವವರು ಯಾರು?

ಶಿಷ್ಯರನ್ನು ಕಳುಹಿಸುವಾಗ ಪ್ರಭು ಯೇಸು ಹೇಳಿದ ಮಾತನ್ನು ಮೂವರು ಶುಭಸಂದೇಶಕಾರರು ದಾಖಲಿಸಿದ್ದಾರೆ. ಕೋಲು ಹಿಡಿಯಬಹುದೆಂದು ಮಾರ್ಕ, ಕೋಲೂ ಬೇಡವೆಂದು ಮತ್ತಾಯ ಮತ್ತು ಲೂಕ. ಸೆಮಿನರಿಯಲ್ಲಿ ಈ ವ್ಯತ್ಯಾಸದ ಕುರಿತು ಪುಟಗಟ್ಟಲೆ ಬರೆದಿದ್ದೆವು. ಚೀಲ ಬೇಡವೆಂಬಲ್ಲಿ ಮೂವರಿಗೂ ಒಮ್ಮತವಿರುವುದನ್ನು ಮಾತ್ರ ಆಗ ಗಮನಿಸಿರಲಿಲ್ಲ. ಚೀಲವಿಲ್ಲದೆ ಹೋಗುವವನು ಹೋದ ಊರಿನವರ ಮನೆಬಾಗಿಲು ತಟ್ಟಲೇಬೇಕಲ್ಲವೇ?

ನಾವು ಯಾರ ದರ್ಶನಕ್ಕೆ ಹೊರಟಿದ್ದೆವೋ ಆ ಸಂತರು 1541ರ ಏಪ್ರಿಲ್ 7ರಂದು ಲಿಸ್ಬನ್ನಿನಿಂದ ಹಡಗು ಹತ್ತಿದವರು. ಗೋವಾ ತಲುಪಿದ್ದು 1542ರ ಮೇ 6ರಂದು, ಅಂದರೆ ಹದಿಮೂರು ತಿಂಗಳ ಪ್ರಯಾಣ! ಅವರು ಜಗದ್ಗುರುಗಳ ಪ್ರತಿನಿಧಿ. ಬೇಕಾದ್ದನ್ನೆಲ್ಲ ಒದಗಿಸಲು ಪೋರ್ಚುಗಲ್ಲಿನ ದೊರೆ ಸಿದ್ಧನಿದ್ದ. ಅವರು ಒಪ್ಪಿಕೊಂಡದ್ದು ಕೆಲವು ಪುಸ್ತಕ ಮತ್ತು ಆಫ್ರಿಕದ ದಕ್ಷಿಣ ತುದಿಯ ಚಳಿಗೆಂದು ಒಂದು ಒರಟು ಉಣ್ಣೆಯ ಉಡುಪು ಮಾತ್ರ. ಅಂಥ ಪದವಿಯವರಿಗೆ ಸೇವಕನಾದರೂ ಬೇಕೆಂದು ಅಧಿಕಾರಿಯೊಬ್ಬರು ಒತ್ತಾಯಿಸಿದಾಗ, ಬಟ್ಟೆ ಒಗೆಯಲು, ಗಂಜಿ ಬೇಯಿಸಲು ತಮ್ಮ ಕೈಗಳೇ ಸಾಕೆಂಬರ್ಥದ ಉತ್ತರ ಕೊಟ್ಟರಂತೆ. ಆ ಬಿಡುವಿನ ಕೈಗಳೇ ಹಡಗಿನಲ್ಲಿ ರೋಗಿಗಳ ಆರೈಕೆಗೆ ಒದಗಿದವು.

2024ರ ಯಾತ್ರೆಯಲ್ಲಿ ಆ ಬಾಯಿಯೂ ಬಂದಿದ್ದರು. ಹಳೆಯ ಊರಿನಿಂದ, ತಾವಾಗಿಯೇ ಹೆಸರು ಕೊಟ್ಟು. ಹೆಗಲಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಎರಡು ಸೀರೆ, ಬೈರಾಸು, ನೀರಿನ ಬಾಟಲಿ. ಮಾತ್ರೆ ಸೊಂಟದ ಸಂಚಿಯಲ್ಲಿ. ನಮ್ಮ ಹುಡುಗರ ಕೈಗಳು ಖಾಲಿ ಇದ್ದುದರಿಂದ ಈ ಬಾರಿ ಮೊದಲು ಹತ್ತಿದವರು ಹಿರಿಯರು. ಹಳೆ ಗೋವಾದ ಉದ್ದ ಸಾಲಿನಲ್ಲಿ ಬಾಯಿ ಒಮ್ಮೆಯೂ ಚೀಲ ಕೆಳಗಿಡಲಿಲ್ಲ.

ಹಿಂದಿರುಗಿ ಕಾಸರಗೋಡಿನಲ್ಲಿ ಇಳಿಯುವಾಗ ನಾವು ಬೆಬಿಂಕಾ ಡಬ್ಬಗಳನ್ನು ಸಾವರಿಸಿಕೊಳ್ಳಲು ಒದ್ದಾಡುತ್ತಿದ್ದೆವು. ಆಗಲೇ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಬಾಯಿ ಕೈ ಚಾಚಿದರು: "ಒಂದು ಇಲ್ಲಿ ಕೊಡಿ ಫಾದರ್, ನಿಮ್ಮ ಚೀಲ ನಾನು ಹಿಡಿಯುತ್ತೇನೆ."