ವಿಶ್ವವಿಜೇತರಿಗೆ ದೊರೆತ ಬಹುಮಾನ

ಬಾಸ್ಕೆಟ್‌ಬಾಲ್ ಎಂಬ ಚೆಂಡಾಟದ ಪರಿಚಯವಿಲ್ಲದ ವಾಚಕರು ಇಂದು ವಿರಳ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಆರಂಭಿಸಿದ ಈ ಆಟವು ಅರ್ಧ ಶತಮಾನದೊಳಗೆ ಭೂಮಂಡಲವನ್ನೆಲ್ಲ ವ್ಯಾಪಿಸಿತು. ರಾಷ್ಟ್ರ ರಾಷ್ಟ್ರಗಳ ಪುರುಷರ ತಂಡಗಳು ಸೆಣಸುವ ಪ್ರಥಮ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ನಡೆಯಿತು. ಅದನ್ನು ಗೆದ್ದವರನ್ನು ಅವರ ನಾಡೇ ಮುಂದೆ ಹೇಗೆ ನಡೆಸಿಕೊಂಡಿತೆಂಬ ಕಥೆಯು ಕ್ರೀಡಾಭಿಮಾನಿಗಳು ಮಾತ್ರವಲ್ಲದೆ ದುಡಿದು ಉಣ್ಣುವ ಎಲ್ಲರೂ ತಿಳಿದಿರತಕ್ಕದ್ದೆಂದು ನಾವು ಭಾವಿಸುತ್ತೇವೆ.

ಅರ್ಜೆಂಟೀನಾದವರು ಈ ಆಟಕ್ಕೆ ಹೊಸಬರಾಗಿರಲಿಲ್ಲ. 1932ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವನ್ನು ಸ್ಥಾಪಿಸಿದ ಎಂಟು ರಾಷ್ಟ್ರಗಳಲ್ಲಿ ಅದೂ ಒಂದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅದರ ತಂಡವು ಬಲಾಢ್ಯ ಅಮೆರಿಕಕ್ಕೆ ಸೋತದ್ದು 57–59ರಿಂದ, ಕೇವಲ ಎರಡೇ ಅಂಕಗಳಿಂದ. ಆ ಸೋಲನ್ನು ಮರೆಯದೆ, ಎರಡು ವರ್ಷಗಳ ಬಳಿಕ ತಮ್ಮ ಮನೆಯಂಗಳದಲ್ಲೇ ಪಂದ್ಯಾವಳಿ ಕೂಡಿಬಂದಾಗ, ಹೋರ್ಹೆ ಕನವೇಸಿಯವರ ತರಬೇತಿಯಲ್ಲಿ ಆ ಯುವಕರು ಕಟ್ಟುನಿಟ್ಟಿನ ಅಭ್ಯಾಸ ನಡೆಸಿದರು. ಅವರಲ್ಲಿ ಯಾರೂ ಆಟವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರಲ್ಲ.

ಹತ್ತು ರಾಷ್ಟ್ರಗಳು ಪಾಲ್ಗೊಂಡಿದ್ದ ಆ ಪಂದ್ಯಾವಳಿಯಲ್ಲಿ, ಲೂನಾ ಪಾರ್ಕ್ ಎಂಬ ಮುಷ್ಟಿಯುದ್ಧದ ಅಂಕಣದೊಳಗೆ, ನವೆಂಬರ್ 3ರ ರಾತ್ರಿ ಕೊನೆಯ ಪಂದ್ಯ. ಅದುವರೆಗೆ ಸೋಲನ್ನೇ ಕಾಣದಿದ್ದ ಎರಡು ತಂಡಗಳು, ಅರ್ಜೆಂಟೀನಾ ಮತ್ತು ಅಮೆರಿಕ, ಮುಖಾಮುಖಿಯಾದವು. 64–50ರಿಂದ ಅರ್ಜೆಂಟೀನಾ ಜಯಶಾಲಿಯಾಯಿತು. ಆಸ್ಕರ್ ಫರ್ಲಾಂಗ್ ಒಬ್ಬರೇ 20 ಅಂಕಗಳನ್ನು ಗಳಿಸಿ ಪಂದ್ಯಾವಳಿಯ ಶ್ರೇಷ್ಠ ಆಟಗಾರರೆನಿಸಿದರು. ಜನರು ಹರ್ಷದಿಂದ ವೃತ್ತಪತ್ರಿಕೆಗಳನ್ನು ಸುರುಳಿ ಸುತ್ತಿ, ಬೆಂಕಿ ಹೊತ್ತಿಸಿ, ಪಂಜುಗಳಂತೆ ಎತ್ತಿ ಹಿಡಿದು ಕೊರಿಯೆಂಟಿಸ್ ಬೀದಿಯುದ್ದಕ್ಕೂ ಮೆರವಣಿಗೆ ಹೊರಟರು. ಅದನ್ನು ಆ ನಾಡಿನವರು ಇಂದಿಗೂ ‘ಪಂಜುಗಳ ರಾತ್ರಿ’ಯೆಂದೇ ಸ್ಮರಿಸುತ್ತಾರೆ. ಪತ್ರಿಕೆ ನಡೆಸುವ ನಮಗೂ, ಕಾಗದವು ಅಂದು ಸಾರ್ಥಕವಾಗಿಯೇ ಉರಿಯಿತೆಂದು ತೋರುತ್ತದೆ.

ಆದರೆ ಪಂಜು ಆರಲು ಬಹುಕಾಲ ಹಿಡಿಯಲಿಲ್ಲ. ಆಗ ಅಧ್ಯಕ್ಷರಾಗಿದ್ದವರು ಹುವಾನ್ ಪೆರೋನ್. ಗೆದ್ದ ಆಟಗಾರರಿಗೆ ಅವರ ಸರಕಾರವು ಒಂದೊಂದು ಮೋಟಾರು ಕಾರನ್ನು ಹೊರದೇಶದಿಂದ ತರಿಸಿಕೊಳ್ಳಲು ಪರವಾನಗಿಯನ್ನು ನೀಡಿತು. 1955ರ ಸೆಪ್ಟೆಂಬರಿನಲ್ಲಿ ಸೇನೆಯು ಪೆರೋನರನ್ನು ಪದಚ್ಯುತಗೊಳಿಸಿತು. ಅವರ ಕಾಲದಲ್ಲಿ ಮನ್ನಣೆ ಪಡೆದವರೆಲ್ಲರೂ ಹೊಸ ಆಡಳಿತದ ಕಣ್ಣಿಗೆ ಶಂಕಿತರಾದರು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿಗೆ ಬಾಸ್ಕೆಟ್‌ಬಾಲ್ ತಂಡವೇ ಹೋಗಲಿಲ್ಲ. 1957ರ ಜನವರಿಯಲ್ಲಿ ಆ ವಿಶ್ವವಿಜೇತರೂ ಅವರ ಸಂಗಡಿಗರಾದ ಇತರ ಅನೇಕರೂ ‘ಹಣಕ್ಕಾಗಿ ಆಡಿದವರು’ ಎಂಬ ಆರೋಪಕ್ಕೆ ಗುರಿಯಾಗಿ ಆಜೀವ ನಿಷೇಧಕ್ಕೊಳಗಾದರು. ಆ ಪರವಾನಗಿಯೇ ಅಪರಾಧಕ್ಕೆ ಸಾಕ್ಷಿಯಾಯಿತು! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಫರ್ಲಾಂಗರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಅವರು ಟೆನಿಸ್ ಆಟದ ಕಡೆಗೆ ತಿರುಗಿ, ಮುಂದೆ ತಮ್ಮ ದೇಶದ ಡೇವಿಸ್ ಕಪ್ ತಂಡದ ನಾಯಕತ್ವವನ್ನು ವಹಿಸಿದರು. ಉಳಿದ ಅನೇಕರ ಆಟ ಅಲ್ಲಿಗೇ ಮುಗಿಯಿತು.

ಇದರಲ್ಲಿ ಒಂದು ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಲೂನಾ ಪಾರ್ಕಿನಲ್ಲಿ ಸೋತ ಅಮೆರಿಕದ ತಂಡವು ಡೆನ್ವರ್ ನಗರದ ‘ಡೆನ್ವರ್ ಷೆವರ್ಲೆಸ್’ ಎಂಬ ತಂಡ. ಮೋಟಾರಿನ ಹೆಸರನ್ನು ಎದೆಯ ಮೇಲೆ ಹೊತ್ತು ಬಂದವರು ಹವ್ಯಾಸಿಗಳು. ಮೋಟಾರಿನ ಪರವಾನಗಿಯನ್ನು ಕೈಯಲ್ಲಿ ಪಡೆದವರು ಅಪರಾಧಿಗಳು! ನ್ಯಾಯದ ತಕ್ಕಡಿ ಎಲ್ಲಿ ವಾಲಿತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಹೊಟೇಲಿನ ಗಲ್ಲೆಯ ಹಿಂದೆ ಹಲವು ವರ್ಷಗಳನ್ನು ಕಳೆದು ಲೇಖನಿ ಹಿಡಿದವರು. ಬೆವರು ಸುರಿಸಿದವನಿಗೆ ಊಟ ಬೇಕೆಂಬುದು ನಮಗೆ ಯಾವ ಗ್ರಂಥದಿಂದಲೂ ತಿಳಿಯಬೇಕಾದ ವಿಷಯವಲ್ಲ. ತಿಂಗಳುಗಟ್ಟಲೆ ಅಭ್ಯಾಸ ಮಾಡು, ದೇಶದ ಕೀರ್ತಿಯನ್ನು ಬೆಳಗು, ಆದರೆ ನಿನ್ನ ಮನೆಯ ಒಲೆ ಹೇಗೆ ಉರಿಯಿತೆಂದು ಮಾತ್ರ ಹೇಳಬೇಡ ಎಂಬ ನಿಯಮವನ್ನು ಉಳ್ಳವರು ತಮಗಾಗಿ ಮಾಡಿಕೊಂಡದ್ದಿರಬೇಕು. ಹಣಕ್ಕಾಗಿ ಪಂದ್ಯವನ್ನು ಮಾರುವವನು ಬೇರೆ, ಆಡಿದ್ದಕ್ಕೆ ಅನ್ನ ಪಡೆಯುವವನು ಬೇರೆ. ಇವೆರಡನ್ನೂ ಒಂದೇ ತೂಕಕ್ಕೆ ಹಾಕಿದ್ದೇ ಆ ಕಾಲದ ದೊಡ್ಡ ಅನ್ಯಾಯ.

ಕಾಲವೂ ಇದನ್ನೇ ಒಪ್ಪಿತು. 1989ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ವೃತ್ತಿಪರರಿಗೂ ಬಾಗಿಲು ತೆರೆದು, ತನ್ನ ಹೆಸರಿನಲ್ಲಿದ್ದ ‘ಹವ್ಯಾಸಿ’ ಎಂಬ ಪದವನ್ನು ತೊಡೆದುಹಾಕಿತು. 2002ರಲ್ಲಿ ಇಂಡಿಯಾನಾಪೊಲಿಸ್‌ನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅರ್ಜೆಂಟೀನಾ 87–80ರಿಂದ ಅಮೆರಿಕವನ್ನು ಅದರ ನೆಲದಲ್ಲೇ ಮಣಿಸಿ ದ್ವಿತೀಯ ಸ್ಥಾನ ಪಡೆಯಿತು. 1950ರ ನಂತರ ಆ ಚಾಂಪಿಯನ್‌ಷಿಪ್ಪಿನಲ್ಲಿ ಅದಕ್ಕೆ ದೊರೆತ ಮೊದಲ ಪದಕವಿದು. 2004ರಲ್ಲಿ ಅಥೆನ್ಸಿನ ಒಲಿಂಪಿಕ್ಸಿನಲ್ಲಿ ಚಿನ್ನವನ್ನೇ ಗೆದ್ದಿತು. ಆ ವೀರರೆಲ್ಲ ವೃತ್ತಿಪರರು. ಅವರ ಸಂಬಳವನ್ನು ಕೇಳಿ ಯಾರೂ ಮೂಗು ಮುರಿಯಲಿಲ್ಲ. ಇಂದು ನವೆಂಬರ್ 3ನ್ನು ಅರ್ಜೆಂಟೀನಾದಲ್ಲಿ ಬಾಸ್ಕೆಟ್‌ಬಾಲ್ ಆಟಗಾರರ ದಿನವೆಂದು ಆಚರಿಸುತ್ತಾರೆ. ಮನ್ನಣೆ ಬಂದಿದೆ, ನಿಜ; ಕಳೆದುಹೋದ ಪ್ರಾಯ ಮಾತ್ರ ಮರಳಿ ಬರಲಿಲ್ಲ.

ಪರವೂರಿನಲ್ಲಿ ನೆಲೆಸಿದ ನಮ್ಮ ಕನ್ನಡ ಸಂಘಗಳೂ ಕ್ರೀಡಾಕೂಟಗಳನ್ನು ನಡೆಸಿ ಗೆದ್ದವರಿಗೆ ಹಾರ, ಬಟ್ಟಲುಗಳನ್ನು ನೀಡುತ್ತವೆ. ಅದು ಶ್ಲಾಘ್ಯವೇ. ಆದರೆ ಹಗಲೆಲ್ಲ ದುಡಿದು ಸಂಜೆ ಮೈದಾನಕ್ಕಿಳಿಯುವ ಹುಡುಗನಿಗೆ ಒಂದು ಲೋಟ ಹಾಲು, ಅಭ್ಯಾಸಕ್ಕೆ ಎರಡು ಗಂಟೆಯ ಬಿಡುವು, ಹೋಗಿಬರುವ ಖರ್ಚು, ಇವುಗಳನ್ನು ಯಾರು ಕೊಡುತ್ತಾರೆಂಬುದನ್ನೂ ಸಂಘಗಳ ಮುಖಂಡರೂ ಹುಡುಗರನ್ನು ದುಡಿಸಿಕೊಳ್ಳುವ ಧಣಿಗಳೂ ಕುಳಿತು ಆಲೋಚಿಸಬೇಕೆಂದು ನಾವು ವಿನಂತಿಸುತ್ತೇವೆ.