ಎರಡು ಸಿಲಿಂಡರ್ ಬಂದ್ ಆದರೆ ಅರ್ಧ ಪೆಟ್ರೋಲ್ ಉಳಿಯುತ್ತದೆಯೇ?

ಕೆಲವು ಕಾರುಗಳಲ್ಲಿ ಓಡುತ್ತಿರುವಾಗಲೇ ನಾಲ್ಕು ಸಿಲಿಂಡರ್‌ಗಳಲ್ಲಿ ಎರಡು ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಇದು ನಿಜ. ಭಾರತದಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಕಾರುಗಳ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಈ ವ್ಯವಸ್ಥೆ ಇದೆ. ಆದರೆ ಇದರಿಂದ ಅರ್ಧ ಪೆಟ್ರೋಲ್ ಉಳಿಯುತ್ತದೆ ಎಂಬುದು ಸುಳ್ಳು.

ಹಾಗಾದರೆ ಉಳಿತಾಯ ಎಲ್ಲಿಂದ?

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಎಂಜಿನ್‌ಗೆ ಹೆಚ್ಚು ಶಕ್ತಿ ಬೇಕಿಲ್ಲ. ಆಗ ಗಾಳಿ ಒಳಗೆ ಬಿಡುವ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಆ ಸಣ್ಣ ಸಂದಿಯಿಂದ ಗಾಳಿ ಎಳೆದುಕೊಳ್ಳಲು ಎಂಜಿನ್ ಒದ್ದಾಡುತ್ತದೆ. ಸ್ಟ್ರಾ ಚಿವುಟಿ ಹಿಡಿದು ಎಳನೀರು ಹೀರಿದ ಹಾಗೆ. ಇದರಲ್ಲೇ ಒಂದಿಷ್ಟು ಇಂಧನ ವ್ಯರ್ಥ.

ಇಂಥ ಹೊತ್ತಿನಲ್ಲಿ ಕಾರಿನ ಕಂಪ್ಯೂಟರ್ 2 ಮತ್ತು 3ನೇ ಸಿಲಿಂಡರ್‌ಗಳಿಗೆ ಪೆಟ್ರೋಲ್ ನಿಲ್ಲಿಸಿ, ಅವುಗಳ ವಾಲ್ವ್‌ಗಳನ್ನೂ ಮುಚ್ಚಿಡುತ್ತದೆ. ಉಳಿದೆರಡು ಇಡೀ ಭಾರ ಹೊರಬೇಕಾದ್ದರಿಂದ ಥ್ರಾಟಲ್ ಹೆಚ್ಚು ತೆರೆದುಕೊಳ್ಳುತ್ತದೆ, ಒದ್ದಾಟ ತಗ್ಗುತ್ತದೆ. ಆದರೆ ಆ ಎರಡು ಸಿಲಿಂಡರ್‌ಗಳು ಮೊದಲಿಗಿಂತ ಹೆಚ್ಚು ಪೆಟ್ರೋಲ್ ಉರಿಸುತ್ತವೆ. ಹಾಗಾಗಿ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮತ್ತೆ ನಾಲ್ಕೂ ಶುರು.

ಮನೆಯಲ್ಲೇ ಮಾಡಬಹುದೇ?

ಖಂಡಿತ ಬೇಡ. ಸ್ಪಾರ್ಕ್ ಪ್ಲಗ್ ವೈರ್ ಕಿತ್ತರೆ ಕಿಡಿ ನಿಲ್ಲುತ್ತದೆ, ಆದರೆ ಪೆಟ್ರೋಲ್ ಬರುತ್ತಲೇ ಇರಬಹುದು, ವಾಲ್ವ್‌ಗಳೂ ತೆರೆಯುತ್ತಲೇ ಇರುತ್ತವೆ. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ನುಗ್ಗಿ, ಕ್ಯಾಟಲಿಟಿಕ್ ಕನ್ವರ್ಟರ್ ವಿಪರೀತ ಕಾದು ಹಾಳಾಗಬಹುದು. ಅದನ್ನು ಬದಲಿಸುವ ಖರ್ಚು ದೊಡ್ಡದು.

ಮೈಲೇಜ್ ಬೇಕೆಂದರೆ ಟೈರಿಗೆ ಸರಿಯಾದ ಗಾಳಿ ಹಾಕಿಸಿ, ಒಂದೇ ವೇಗದಲ್ಲಿ ಓಡಿಸಿ.